ಬೋರನಕಣಿವೆಯ ಆಚೆ, ಕರಡಿಯ ಎದುರು

ಬೆಂಗಳೂರಿನವರಿಗೆ ರಜೆ ಬಂದರೆ ಬಂಡೀಪುರ, ನಾಗರಹೊಳೆ. ಕಳೆದ ಬೇಸಿಗೆಯಲ್ಲಿ ಭಾವನೂ ಅಕ್ಕನ ಮಗನೂ ಹಂದನಕೆರೆಗೆ ಬಂದಾಗ ನಾನು ಹಟ ಹಿಡಿದೆ: ಈ ಸಲ ನಮ್ಮ ಬಯಲುಸೀಮೆಯನ್ನೇ ನೋಡಬೇಕು. ಕುರುಚಲು ಕಾಡೂ ಕಾಡೇ, ಅಲ್ಲಿರುವುದೂ ವನ್ಯಜೀವಿಯೇ ಎಂದು ವಾದಿಸಿ ಒಪ್ಪಿಸಿದೆ. ಬೆಳಕು ಹರಿಯುವ ಮುಂಚೆ ಹೊರಟೆವು. ತೆಂಗಿನ ತೋಟಗಳು ಎರಡೂ ಬದಿ ಓಡಿ ಹಿಂದೆ ಬಿದ್ದವು. ಹುಳಿಯಾರಿನಲ್ಲಿ ಇಡ್ಲಿ ತಿಂದು ಬೋರನಕಣಿವೆಗೆ ಬಂದೆವು.

ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ಸುವರ್ಣಮುಖಿಗೆ ಅಡ್ಡವಾಗಿ ಕಟ್ಟಿದ ಅಣೆಕಟ್ಟು ಇದು. 1892ರ ಹೊತ್ತಿಗೆ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮುಗಿದದ್ದು. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರಕ್ಕಿಂತಲೂ ಹಳೆಯದು. ಏರಿಯ ಮೇಲೆ ನಿಂತು ಭಾವ ಬಹಳ ಹೊತ್ತು ಮಾತಾಡಲಿಲ್ಲ. ಅಲ್ಲಿಂದ ಬುಕ್ಕಾಪಟ್ಟಣದ ದಾರಿ ಹಿಡಿದೆವು. ಅಲ್ಲಿನ ಕಾಡನ್ನು 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಿದ್ದಾರೆ. ರಾಜಸ್ಥಾನದ ಮರಳುಗಾಡಿನದು ಎಂದು ಎಲ್ಲರೂ ತಿಳಿದಿರುವ ಆ ತೆಳುಗಾಲಿನ ಪ್ರಾಣಿ ನಮ್ಮ ತುಮಕೂರು ಜಿಲ್ಲೆಯ ಕಲ್ಲುಗುಡ್ಡಗಳಲ್ಲಿ ಬದುಕಿದೆ. ಜೊತೆಗೆ ಕೊಂಡುಕುರಿ, ಚಿರತೆ, ಕರಡಿ. ರಸ್ತೆಯಿಂದಲೇ ಕಣ್ಣು ಹಾಯಿಸಿದೆವು. ಚಿಂಕಾರ ಕಾಣಲಿಲ್ಲ, ನವಿಲು ಕಂಡವು.

ಮಧ್ಯಾಹ್ನದ ಬಿಸಿಲು ತಗ್ಗಿದ ಮೇಲೆ ವನ್ಯಧಾಮದ ಹೊರಗಿನ ಒಂದು ಗುಡ್ಡ ಹತ್ತಿದೆವು. ನೆತ್ತಿಯ ಮೇಲೊಂದು ಪುಟ್ಟ ಗುಡಿ. ಬಾಗಿಲಿಗೆ ಬೀಗ, ಮುಂದೆ ಎಣ್ಣೆಯ ಜಿಡ್ಡು ಹತ್ತಿದ ದೀಪದ ಕಲ್ಲು. ಕಲ್ಲಿನ ಪಕ್ಕದಲ್ಲಿ ಹೊಸ ಕೆರೆತ, ಮಣ್ಣು ಕೆದರಿದ ಗುರುತು. ದೀಪದೆಣ್ಣೆ ನೆಕ್ಕಲು ಕರಡಿ ಗುಡಿಗೆ ಬರುವುದು ಈ ಕಡೆ ಹೊಸದಲ್ಲ. ಅಕ್ಕನ ಮಗನಿಗೆ ಅದನ್ನು ತೋರಿಸಿ ಅರಸೀಕೆರೆಯ ಕರಡಿಯ ಕಥೆ ಹೇಳಿದೆ. ಅರಸೀಕೆರೆಯ ಮೂಡಣದ ನಾಗವಾರ ಗುಡ್ಡಗಳಲ್ಲಿ ಒಂದು ಕರಡಿ ಕನಿಷ್ಠ 12 ಜನರನ್ನು ಕೊಂದು, ಇನ್ನೆಷ್ಟೋ ಜನರ ಮುಖ ಸಿಗಿದು, ಕೊನೆಗೆ ಸಖರಾಯಪಟ್ಟಣದ ಕಡೆಗೆ ಹೋಗಿ ಬೇಟೆಗಾರ ಕೆನೆತ್ ಆಂಡರ್ಸನ್ನರ ಗುಂಡಿಗೆ ಬಿತ್ತು. 1957ರ ಅವರ ಪುಸ್ತಕದಲ್ಲಿ ಅದು ಬರುತ್ತದೆ. ಮನುಷ್ಯರಿಂದ ಹಿಂದೆಂದೋ ಪೆಟ್ಟು ತಿಂದ ಪ್ರಾಣಿ ಅದಾಗಿರಬೇಕು ಎಂದು ಅವರೇ ನಂಬಿದ್ದರು. ತೇಜಸ್ವಿಯವರ ಕನ್ನಡ ಅನುವಾದಗಳ ಮೂಲಕ ಆಂಡರ್ಸನ್‌ರನ್ನು ಓದಿಕೊಂಡ ನಮಗೆಲ್ಲ ಈ ಗುಡ್ಡಗಳು ಬರೀ ಕಲ್ಲಲ್ಲ.

"ಇಲ್ಲೂ ಇದೆಯಾ ಮಾವ?"

ಉತ್ತರ ಹೇಳುವ ಮೊದಲೇ ಆಕಾಶ ಕಪ್ಪಾಯಿತು. ಕೃತ್ತಿಕಾ ಮಳೆ. ಬಡಗಣದಿಂದ ಧೂಳು ಎದ್ದು ಬಂತು, ಗುಡುಗಿಗೆ ಬಂಡೆ ಅದುರಿತು. ಇಳಿಯಲು ಶುರುಮಾಡಿದೆವು. ಅರ್ಧ ದಾರಿಯಲ್ಲಿ ಕುರಿ ಕಾಯುವ ಅಜ್ಜ ಸಿಕ್ಕಿದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕುರಿಗಳನ್ನು ಮೊಮ್ಮಗ ಆಗಲೇ ಕೆಳಕ್ಕೆ ಹೊಡೆದಿದ್ದ. "ಮಾತಾಡ್ತಾ ಇಳೀರಪ್ಪ, ಸುಮ್ಕೆ ಇಳೀಬ್ಯಾಡ್ರಿ" ಅಂದ. ಮಾತಾಡಿದೆವು, ಕೂಗಿದೆವು. ಆದರೆ ಗಾಳಿ ಎದುರಿನಿಂದ ಬೀಸುತ್ತಿತ್ತು. ನಮ್ಮ ಸದ್ದನ್ನೂ ವಾಸನೆಯನ್ನೂ ಹಿಂದಕ್ಕೆ ಒಯ್ಯುತ್ತಿತ್ತು. ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೇ. ಅದು ಲೋಕವನ್ನು ತಿಳಿಯುವುದು ಮೂಗಿನಿಂದ. ಆ ಹೊತ್ತಿನಲ್ಲಿ ಗಾಳಿ ಅದಕ್ಕೆ ಆ ಮೂಗನ್ನೂ ಇಲ್ಲದಂತೆ ಮಾಡಿತ್ತು.

ಕೊರಕಲಿನ ತಿರುವು. ಮುಂದೆ ಭಾವ. ಹುತ್ತದ ಬುಡಕ್ಕೆ ಮೂತಿ ಇಟ್ಟು ಗೆದ್ದಲು ಹೀರುತ್ತಿದ್ದ ಕಪ್ಪು ರಾಶಿಯೊಂದು ತಟ್ಟನೆ ತಲೆ ಎತ್ತಿತು. ಬೆನ್ನ ಮೇಲೆ ಮರಿ!

ನಡುವೆ ನಾಲ್ಕು ಹೆಜ್ಜೆಯ ಅಂತರವೂ ಇರಲಿಲ್ಲ. ಅದು ಎರಡು ಕಾಲ ಮೇಲೆ ಎದ್ದಿತು. ಎದೆಯ ಬಿಳಿ ಪಟ್ಟೆ ಮಿಂಚಿನಲ್ಲಿ ಫಳ್ ಎಂದಿತು. ಕೆಳದವಡೆಯ ಜೊಲ್ಲು, ಮೂತಿಗೆ ಅಂಟಿದ ಕೆಮ್ಮಣ್ಣು, ಬೆರಳುದ್ದದ ಉಗುರುಗಳು: ಎಲ್ಲವೂ ಒಂದೇ ಕ್ಷಣದಲ್ಲಿ ಕಂಡವು. ಅಕ್ಕನ ಮಗ ತಿರುಗಿ ಓಡಲು ಹೊರಟ. ಅಜ್ಜ ಅವನ ರಟ್ಟೆ ಹಿಡಿದು ಎಳೆದು ಗುಡುಗಿಗಿಂತ ಜೋರಾಗಿ ಕಿರುಚಿದ. "ಓಡ್ಬ್ಯಾಡ! ಬಿದ್ಕಳ್ರೀ! ಮಕ ನೆಲಕ್ಕಾಕಿ!"

ಭಾವ ಕವುಚಿ ಬಿದ್ದರು. ಬಿದ್ದದ್ದೇ ಕತ್ತಿನ ಹಿಂದೆ ಎರಡೂ ಕೈ ಹೆಣೆದುಕೊಂಡರು. ಮರುಗಳಿಗೆಯಲ್ಲಿ ಕರಡಿ ಅವರ ಮೇಲಿತ್ತು. ಆ ಗರ್ಜನೆಯನ್ನು ಬರೆಯಲು ನನಗೆ ಮಾತು ಸಿಗುವುದಿಲ್ಲ. ಬೆನ್ನಿನ ಬ್ಯಾಗು ಹಾರೆಗೆ ಕುತ್ತಿ ಸುಲಿದ ತೆಂಗಿನಕಾಯಿಯ ಹಾಗೆ ಸುಲಿದು ಹೋಯಿತು. ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿತು. ಅಜ್ಜ ಕಂಬಳಿಯನ್ನು ಎರಡೂ ಕೈಯಲ್ಲಿ ಬಿಚ್ಚಿ ಹಿಡಿದು "ಹೋಯ್! ಹೋಯ್!" ಎಂದು ಬಡಿಯುತ್ತ ಮುಂದಕ್ಕೇ ಹೋದ. ಅಷ್ಟು ಅಗಲದ ಕಪ್ಪು ಅದಕ್ಕೆ ಇನ್ನೊಂದು ದೊಡ್ಡ ಪ್ರಾಣಿಯಾಗಿ ಕಂಡಿತೋ ಏನೋ. ನಾನು ಸ್ಟೀಲ್ ಬಾಟಲನ್ನು ಬಂಡೆಗೆ ಅಪ್ಪಳಿಸಿದೆ, ಮತ್ತೆ ಅಪ್ಪಳಿಸಿದೆ. ಕರಡಿ ಕಂಬಳಿಗೆ ಒಂದು ಪಂಜ ಬೀಸಿ, ಹಿಂದಕ್ಕೆ ಸರಿದು, ಮರಿಯನ್ನು ಬೆನ್ನಿಗೇರಿಸಿಕೊಂಡೇ ಕಾರೆ ಪೊದೆಯೊಳಕ್ಕೆ ನುಗ್ಗಿತು. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ.

ಆಮೇಲಿನದು ಇನ್ನೊಂದು ಯುದ್ಧ. ಟವಲು ಸುತ್ತಿ ಬಿಗಿಯಾಗಿ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಮಳೆ ಹುಯ್ಯತೊಡಗಿತು. ಫೋನಿಗೆ ಸಿಗ್ನಲ್ ಇಲ್ಲ. ಅಜ್ಜನ ಕಂಬಳಿಗೆ ಕೋಲು ಸಿಕ್ಕಿಸಿ ಡೋಲಿ ಮಾಡಿ ಭಾವನನ್ನು ಮಲಗಿಸಿದೆವು. ಹತ್ತುವಾಗ ಒಣಗಿದ್ದ ಹಳ್ಳದಲ್ಲಿ ಈಗ ಕೆಂಪು ನೀರು ಮೊಣಕಾಲಿಗೆ, ನೋಡನೋಡುತ್ತ ತೊಡೆಗೆ ಬಂತು. ಕಾಲ ಕೆಳಗೆ ಕಲ್ಲು ಉರುಳುತ್ತಿತ್ತು. ಅಜ್ಜ ಮುಂದೆ, ನಾನು ಹಿಂದೆ, ನಡುವೆ ಆ ಹುಡುಗ ಅಪ್ಪನ ತಲೆ ನೀರಿಗೆ ಬೀಳದಂತೆ ಎದೆಗೆ ಒತ್ತಿಕೊಂಡು ನಡೆದ. ನಡು ಹಳ್ಳದಲ್ಲಿ ನಾನು ಜಾರಿದೆ, ಕೋಲು ಬಿಡಲಿಲ್ಲ. ದಡದಲ್ಲಿ ತೋಟವೊಂದರ ಬೇಲಿ, ಪಂಪ್‌ಹೌಸಿನ ಬಲ್ಬು, ಬೊಗಳುವ ನಾಯಿ. ತೋಟದವರು ಏನೂ ಕೇಳಲಿಲ್ಲ, ಟ್ರ್ಯಾಕ್ಟರ್ ತೆಗೆದರು. ರಸ್ತೆಗೆ ಬಂದ ಮೇಲೆ 108ಕ್ಕೆ ಕರೆ ಹೋಯಿತು.

ಆಸ್ಪತ್ರೆಯಲ್ಲಿ ಗಾಯವನ್ನು ಸೋಪುನೀರಿನಿಂದ ತೊಳೆತೊಳೆದು, ರೇಬಿಸ್ ಮತ್ತು ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಶಸ್ತ್ರಚಿಕಿತ್ಸೆಗೆ ಒಯ್ದರು. ಭಾವ ಉಳಿದರು. ಮುಖಕ್ಕೆ ಒಂದು ಗೀರೂ ಇಲ್ಲ. ಕರಡಿ ಮೊದಲು ತಲೆ, ಮುಖಕ್ಕೇ ಬೀಳುತ್ತದೆ, ಕವುಚಿ ಬಿದ್ದದ್ದೇ ಕಾಪಾಡಿತು ಎಂದು ವೈದ್ಯರೂ ಹೇಳಿದರು. ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.

ಸುದ್ದಿ ತಿಳಿದು ಬಂದ ಕೆಲವರು ಆ ಕರಡಿಯನ್ನು ಹಿಡಿಸಬೇಕು ಅಂದರು. ಭಾವನೇ ಬೇಡ ಅಂದರು, ನಾನೂ ಅದೇ ಹೇಳುತ್ತೇನೆ. ಮರಿ ಹೊತ್ತ ತಾಯಿ ಅದು, ಹಠಾತ್ತನೆ ಎದುರಾದೆವು, ಅದು ಮರಿಯನ್ನು ಕಾಯ್ದುಕೊಂಡಿತು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಟ್ಟು, ಬಂಡೆ ಒಡೆದು, ಕಾರೆ ಕವಳೆ ಹಣ್ಣಿನ ಗಿಡವನ್ನೆಲ್ಲ ಸವರಿಬಿಟ್ಟರೆ ಅದು ಊರ ಕಡೆಗೇ ಬರಬೇಕಾಗುತ್ತದೆ. ದರೋಜಿಯಲ್ಲಿ 1994ರಿಂದ ಕರಡಿಗೆಂದೇ ಒಂದು ಧಾಮವಿದೆ. ನಮ್ಮ ಕಡೆ ವನ್ಯಧಾಮದ ಹೊರಗಿರುವ ಕರಡಿಗಳಿಗೆ ಇರುವುದು ಈ ಬಿಡಿಬಿಡಿ ಗುಡ್ಡಗಳು ಮಾತ್ರ. ಅವನ್ನು ಉಳಿಸಿಕೊಡಬೇಕಾದವರು ಇಲ್ಲಿನ ನಾವೇ.

ಈ ಸೀಮೆ ನೋಡಲು ಬನ್ನಿ, ಖಂಡಿತ ಬನ್ನಿ. ಗುಡ್ಡ ಹತ್ತುವ ಮೊದಲು ಅಲ್ಲಿನ ಕುರಿಗಾಹಿಗಳನ್ನು ಕೇಳಿ, ಒಬ್ಬರೇ ಹೋಗಬೇಡಿ, ಮೋಡ ಕಟ್ಟಿದ ದಿನ ಹತ್ತಬೇಡಿ, ಸಂಜೆ ಐದರೊಳಗೆ ಇಳಿದುಬಿಡಿ.