ಚಡಚಣದ ಬೆಳಕಿನಲ್ಲಿ ಕ್ಯಾಮೆರಾ ಕಲಿಕೆ

ವಿಜಯಪುರದಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟು, ಝಳಕಿಯಲ್ಲಿ ಎಡಕ್ಕೆ ಹೊರಳಿದರೆ ಚಡಚಣದ ರಸ್ತೆ. ಎರಡೂ ಬದಿಗೆ ಕಣ್ಣು ಹಾಯುವವರೆಗೂ ಎರಿ ಹೊಲ. ಹಿಂಗಾರಿಯಲ್ಲಾದರೆ ಆಳೆತ್ತರದ ಬಿಳಿಜೋಳ, ಬೇಸಿಗೆಯಲ್ಲಾದರೆ ಬಾಯಿ ಬಿಟ್ಟ ಕರಿ ನೆಲ. ನಡುನಡುವೆ ಲಿಂಬೆಯ ತೋಟ, ಕಬ್ಬಿನ ಗದ್ದೆ. ಊರಿಗೆ ಸಮೀಪದಲ್ಲೇ ಭೀಮಾ ನದಿ, ಅದರಾಚೆ ಮಹಾರಾಷ್ಟ್ರ. ಮೊದಲು ಇಂಡಿ ತಾಲೂಕಿಗೆ ಸೇರಿದ್ದ ಚಡಚಣ ಈಗ ತಾನೇ ಒಂದು ತಾಲೂಕು ಕೇಂದ್ರ. ಬಟ್ಟೆ ವ್ಯಾಪಾರಕ್ಕೆ ಹೆಸರಾದ ಈ ಊರಿಗೆ ಮದುವೆಯ ಜವಳಿಗೆಂದು ಗಡಿಯ ಎರಡೂ ಬದಿಯ ಜನ ಬರುತ್ತಾರೆ. ಅಂಗಡಿಯಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಬಾಯಲ್ಲಿ ಓಡಾಡುತ್ತವೆ.

ಇಂಥ ಊರಿನ ಕಾಲೇಜು ಹುಡುಗನೋ ಹುಡುಗಿಯೋ ಒಂದು ಒಳ್ಳೆಯ ಕ್ಯಾಮೆರಾ ಬೇಕೆಂದು ಹಟ ಹಿಡಿದರೆ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಕೈಯಲ್ಲಿ ಮೊಬೈಲು ಇರುವಾಗ ಇನ್ನೊಂದು ಯಾಕೆ? ಈ ಬಯಲುಸೀಮೆಯಲ್ಲಿ ಫೋಟೋ ತೆಗೆಯುವಂಥದ್ದು ಏನಿದೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಹಣ ಕೊಡುವವರು ಕೇಳಲೇಬೇಕು, ಹಣ ಕೇಳುವವರು ಉತ್ತರ ತಿಳಿದಿರಲೇಬೇಕು.

ಕನ್ನಡಿಯ ಕೆಲಸ

ಎಸ್‌ಎಲ್‌ಆರ್ ಎಂದರೆ ಸಿಂಗಲ್ ಲೆನ್ಸ್ ರಿಫ್ಲೆಕ್ಸ್. ನೋಡುವುದಕ್ಕೂ ಚಿತ್ರ ಹಿಡಿಯುವುದಕ್ಕೂ ಒಂದೇ ಮಸೂರ. ಮಸೂರದ ಹಿಂದೆ ಓರೆಯಾಗಿ ನಿಂತ ಪುಟ್ಟ ಕನ್ನಡಿ ಬೆಳಕನ್ನು ಮೇಲಕ್ಕೆ ತಿರುಗಿಸಿ ನೋಡುವವನ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲೆದ್ದು, ಷಟರ್ ತೆರೆದು, ಬೆಳಕು ಹಿಂದಿನ ಸೆನ್ಸರಿನ ಮೇಲೆ ಬೀಳುತ್ತದೆ. ಮೊದಲು ಆ ಜಾಗದಲ್ಲಿ ಫಿಲ್ಮ್ ಇರುತ್ತಿತ್ತು. ಒಂದು ರೋಲಿಗೆ 36 ಚಿತ್ರ; ತೊಳೆಸಿ ತಂದ ಮೇಲೆಯೇ ತಪ್ಪು ತಿಳಿಯುತ್ತಿತ್ತು.

ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು 1975ರಲ್ಲಿ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ದಾಖಲಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1991ರಲ್ಲಿ ಅದೇ ಕಂಪನಿ ನಿಕಾನ್ ಎಫ್3 ಕ್ಯಾಮೆರಾಕ್ಕೆ ಸೆನ್ಸರು ಜೋಡಿಸಿ ಡಿಜಿಟಲ್ ಎಸ್‌ಎಲ್‌ಆರ್ ಮಾರಿತು. ಅದರ ಬೆಲೆ ಪತ್ರಿಕಾ ಸಂಸ್ಥೆಗಳಂಥವರಿಗೆ ಮಾತ್ರ ಎಟುಕುವಂಥದ್ದು. 2003ರಲ್ಲಿ ಕ್ಯಾನನ್ 300ಡಿ ಒಂದು ಸಾವಿರ ಡಾಲರಿನ ಒಳಗೆ ಬಂದ ಮೇಲೆ ಅದು ಹವ್ಯಾಸಿಗಳ ಕೈಗೂ ಇಳಿಯಿತು. ಈಗ ಕಾಲ ಮತ್ತೆ ಹೊರಳಿದೆ. ದೊಡ್ಡ ಕಂಪನಿಗಳ ಗಮನ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳತ್ತ ಸರಿದಿದೆ. ಕ್ಯಾನನ್ ಕಂಪನಿಯ ಅತ್ಯುನ್ನತ ದರ್ಜೆಯ ಕೊನೆಯ ಎಸ್‌ಎಲ್‌ಆರ್ ಬಂದದ್ದು 2020ರಲ್ಲಿ. ಹೊಸಬರಿಗೆ ಇದರಿಂದ ನಷ್ಟವಿಲ್ಲ, ಲಾಭವೇ ಇದೆ. ವೃತ್ತಿಯವರು ಹೊಸದಕ್ಕೆ ಹೋದಂತೆ ಒಳ್ಳೆಯ ಹಳೆಯ ಕ್ಯಾಮೆರಾಗಳು ಕಡಿಮೆ ಬೆಲೆಗೆ ಕೈಬದಲಾಗುತ್ತಿವೆ.

ಮೊಬೈಲು ಒಳ್ಳೆಯ ಚಿತ್ರ ತೆಗೆಯುವುದಿಲ್ಲವೆಂದಲ್ಲ. ಆದರೆ ಅಲ್ಲಿ ಬೆಳಕಿನ ಲೆಕ್ಕವನ್ನೆಲ್ಲ ಯಂತ್ರವೇ ಮಾಡಿ ಮುಗಿಸುತ್ತದೆ. ಎಸ್‌ಎಲ್‌ಆರ್ ಆ ಲೆಕ್ಕವನ್ನು ಬಳಸುವವನ ಕೈಗೆ ಕೊಡುತ್ತದೆ. ಕಲಿಯುವವನಿಗೆ ಬೇಕಾದದ್ದು ಅದೇ.

ಕೊಡ ತುಂಬುವ ಲೆಕ್ಕ

ನಳದ ಕೆಳಗೆ ಕೊಡ ಇಟ್ಟು ನೀರು ಹಿಡಿಯುವುದನ್ನು ನೆನೆದುಕೊಂಡರೆ ಲೆಕ್ಕ ಸುಲಭ. ನಳ ಎಷ್ಟು ತಿರುವಿದೆ ಎಂಬುದು ಮಸೂರದೊಳಗಿನ ರಂಧ್ರ, ಅಂದರೆ ಅಪರ್ಚರ್. ಎಷ್ಟು ಹೊತ್ತು ಬಿಟ್ಟಿದೆ ಎಂಬುದು ಷಟರ್ ವೇಗ. ಕೊಡ ದೊಡ್ಡದೋ ಸಣ್ಣದೋ ಎಂಬುದು ಐಎಸ್‌ಒ. ಐಎಸ್‌ಒ ಹೆಚ್ಚಿಸಿದರೆ ಕೊಡದ ಬದಲು ತಂಬಿಗೆ ಇಟ್ಟಂತೆ. ಸ್ವಲ್ಪ ಬೆಳಕಿಗೇ ತುಂಬುತ್ತದೆ, ಆದರೆ ಚಿತ್ರದಲ್ಲಿ ರವೆಯಂಥ ಕಣಗಳು ಕಾಣಿಸುತ್ತವೆ.

ಅಪರ್ಚರಿನ ಅಂಕಿ ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ಅಂಕಿ ದೊಡ್ಡದಾದಷ್ಟೂ ರಂಧ್ರ ಚಿಕ್ಕದು. ಎಫ್ 16ರಿಂದ ಎಫ್ 11ಕ್ಕೆ ಬಂದರೆ ಬೆಳಕು ಎರಡು ಪಟ್ಟು, ಎಫ್ 8ಕ್ಕೆ ಬಂದರೆ ನಾಲ್ಕು ಪಟ್ಟು. ಫಿಲ್ಮಿನ ಕಾಲದ ಒಂದು ಹಳೆಯ ಸೂತ್ರವಿದೆ: ಸ್ವಚ್ಛ ಬಿಸಿಲಿನಲ್ಲಿ ಎಫ್ 16 ಇಟ್ಟು, ಐಎಸ್‌ಒ ಎಷ್ಟೋ ಷಟರನ್ನು ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕೆ ಇಡಬೇಕು. ಐಎಸ್‌ಒ 100 ಇದ್ದರೆ ಸುಮಾರು 1/125 ಸೆಕೆಂಡು. ಎಫ್ 8 ಬೇಕೆಂದರೆ 1/500. ವರ್ಷದ ಬಹುಪಾಲು ದಿನ ಸೂರ್ಯ ಕೈ ಕೊಡದ ಈ ಸೀಮೆಯಲ್ಲಿ ಈ ಸೂತ್ರ ಕಲಿಯಲು ಬಹಳ ಕಾಯಬೇಕಿಲ್ಲ. ಮೀಟರನ್ನು ನೋಡದೆ ಮೊದಲು ಬಾಯಿಲೆಕ್ಕ ಮಾಡಿ, ಆಮೇಲೆ ತಾಳೆ ನೋಡುವುದು ಒಳ್ಳೆಯ ಅಭ್ಯಾಸ. ಪ್ರತಿ ಚಿತ್ರದ ಜೊತೆಗೆ ಅಪರ್ಚರ್, ಷಟರ್, ಐಎಸ್‌ಒ ತಾನಾಗಿಯೇ ಕಡತದಲ್ಲಿ ದಾಖಲಾಗುವುದರಿಂದ, ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು ತಪ್ಪು ಎಲ್ಲಿ ಆಯಿತೆಂದು ನೋಡಿಕೊಳ್ಳಬಹುದು.

ಕರಿ ನೆಲ, ಬಿಳಿ ಎತ್ತು

ಬೆಳಕಿನ ಪಾಠಕ್ಕೆ ಚಡಚಣದಷ್ಟು ಒಳ್ಳೆಯ ಶಾಲೆ ಸಿಗುವುದು ಕಷ್ಟ. ಕ್ಯಾಮೆರಾದ ಮೀಟರು ತನ್ನೆದುರು ಇರುವುದೆಲ್ಲ ನಡುಬೂದು ಬಣ್ಣದ್ದೆಂದು ತಿಳಿಯುತ್ತದೆ. ಇಲ್ಲಿಯ ನೆಲ ಕಪ್ಪು. ಅದನ್ನು ಉಳುವ ಖಿಲಾರಿ ಎತ್ತು ಬಿಳಿ. ಅದರ ಹಿಂದೆ ನಡೆಯುವ ರೈತನ ರುಮಾಲು, ಧೋತರ ಬಿಳಿ. ಚೌಕಟ್ಟಿನ ತುಂಬ ಎರಿ ಹೊಲವಿದ್ದು ಎತ್ತು ಚಿಕ್ಕದಾಗಿ ಕಂಡರೆ ಮೀಟರು ಮೋಸ ಹೋಗಿ ಬೆಳಕು ಹೆಚ್ಚು ಬಿಡುತ್ತದೆ. ಮಣ್ಣು ಬೂದಿಯಂತಾಗಿ, ಎತ್ತಿನ ಮೈ ಸುಣ್ಣ ಬಳಿದ ಗೋಡೆಯಾಗುತ್ತದೆ. ಎತ್ತಿನ ಮೈಯೇ ಚೌಕಟ್ಟು ತುಂಬಿದರೆ ಮೋಸ ತಿರುವುಮುರುವು. ಬಿಳಿ ಎತ್ತು ಮಾಸಿದಂತೆ ಕಾಣುತ್ತದೆ. ಮೊದಲನೆಯದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಗುಂಡಿಯಲ್ಲಿ ಒಂದು ಮೆಟ್ಟಿಲು ಇಳಿಸಬೇಕು, ಎರಡನೆಯದಕ್ಕೆ ಒಂದು ಮೆಟ್ಟಿಲು ಏರಿಸಬೇಕು. ಈ ಒಂದು ಪಾಠ ಕೈಗೆ ಹತ್ತಿದರೆ ಅರ್ಧ ವಿದ್ಯೆ ಬಂದಂತೆ.

ಅಭ್ಯಾಸಕ್ಕೆ ಸಂದರ್ಭಗಳೂ ಬೇಕಾದಷ್ಟಿವೆ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚಿಸಿಕೊಂಡ ಎತ್ತುಗಳು, ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋಗುವ ಮನೆಮಂದಿ, ಊರಿನ ಸಂಗಮೇಶ್ವರ ಜಾತ್ರೆ, ಸಂಕ್ರಾಂತಿಯಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆ ಮತ್ತು ಅದರ ದನದ ಸಂತೆ. ಓಡುವ ಎತ್ತಿಗೆ 1/1000 ಸೆಕೆಂಡು ಬೇಕು. ಓಡುವ ಎತ್ತಿನ ಎದುರು ನಿಲ್ಲುವ ಹುಚ್ಚು ಬೇಡ. ನಡುಮಧ್ಯಾಹ್ನದ ಬಿಸಿಲು ಮುಖದ ಮೇಲೆ ಕರಿ ನೆರಳು ಬೀಳಿಸುವುದರಿಂದ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಸಾಕು. ಓದಿಗೂ ಅದರಿಂದ ಅಡ್ಡಿಯಿಲ್ಲ.

ಮಳೆ ಬಂದ ದಿನ ಬಟ್ಟೆ ಅಂಗಡಿಯೇ ಪಾಠಶಾಲೆ. ಬಾಗಿಲಿನಿಂದ ಹಗಲು ಬೆಳಕು, ಒಳಗೆ ದೀಪದ ಬೆಳಕು. ಎರಡೂ ಬೆರೆತು ಸೀರೆಯ ಬಣ್ಣ ಚಿತ್ರದಲ್ಲಿ ಬೇರೆಯಾಗುತ್ತದೆ. ಅಂಗಡಿಯವರನ್ನು ಕೇಳಿ, ಒಂದು ಬಿಳಿ ಪಂಚೆಯನ್ನು ಅದೇ ಬೆಳಕಿನಲ್ಲಿ ಹಿಡಿದು ಅದರಿಂದ ವೈಟ್ ಬ್ಯಾಲೆನ್ಸ್ ಹೊಂದಿಸಿಕೊಂಡರೆ ಬಣ್ಣ ದಾರಿಗೆ ಬರುತ್ತದೆ.

ಗುಮ್ಮಟದ ಎದುರು

ಈ ಜಿಲ್ಲೆಗೂ ಕ್ಯಾಮೆರಾಕ್ಕೂ ನಂಟು ಬಹಳ ಹಳೆಯದು. 1855ರಲ್ಲಿ ಮುಂಬಯಿ ಸರಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಈ ಭಾಗದ ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಆತ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದ. ಬಿಜಾಪುರದ ವಾಸ್ತುಶಿಲ್ಪದ ಮೇಲೆ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ದೊಡ್ಡ ಗ್ರಂಥದಲ್ಲಿ ಬಿಗ್ಸ್ ತೆಗೆದ ಚಿತ್ರಗಳಿವೆ. ಆಗ ಕ್ಯಾಮೆರಾ ಅಲುಗದಂತೆ ನಿಲ್ಲಿಸಿ ಬಹಳ ಹೊತ್ತು ಕಾಯಬೇಕಿತ್ತು. ಸುಳಿದಾಡಿದ ಮನುಷ್ಯರು ಚಿತ್ರದಲ್ಲಿ ಮಸುಕಾಗುತ್ತಿದ್ದರು, ಇಲ್ಲವೇ ಮಾಯವಾಗುತ್ತಿದ್ದರು.

ಚಡಚಣದ ವಿದ್ಯಾರ್ಥಿಗೆ ರಜೆಯ ಒಂದು ದಿನದಲ್ಲಿ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಅದೇ ಗೋಳಗುಮ್ಮಟವಿದೆ. 1656ರಲ್ಲಿ ಮುಗಿದ, ಹೊರಗಿನಿಂದ ಸುಮಾರು 44 ಮೀಟರು ವ್ಯಾಸದ ಈ ಗುಮ್ಮಟ ಎರಡು ಪಾಠ ಕಲಿಸುತ್ತದೆ. ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದರೆ ನಾಲ್ಕೂ ಮೂಲೆಯ ಮಿನಾರುಗಳು ಒಳಕ್ಕೆ ವಾಲಿದಂತೆ ಕಾಣುತ್ತವೆ. ಹಿಂದೆ ಹಿಂದೆ ಸರಿದು ಕ್ಯಾಮೆರಾ ನೇರ ಹಿಡಿದರೆ ನೆಟ್ಟಗಾಗುತ್ತವೆ. ಒಳಗೆ ಬೆಳಕು ಕಡಿಮೆ. ಸ್ಟ್ಯಾಂಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಆದ್ದರಿಂದ ಗೋಡೆಗೆ ಒರಗಿ, ಮೊಣಕೈಗಳನ್ನು ಮೈಗೆ ಅಂಟಿಸಿ, ಉಸಿರು ಬಿಡುತ್ತ ಗುಂಡಿಯನ್ನು ಮೆಲ್ಲಗೆ ಒತ್ತುವುದನ್ನು ಕಲಿಯಬೇಕು. 1/15 ಸೆಕೆಂಡಿನಲ್ಲಿಯೂ ಕೈ ಅಲುಗದೆ ಚಿತ್ರ ಬಂದ ದಿನ ಆಗುವ ಸಂತೋಷವೇ ಬೇರೆ.

ಆಲಮಟ್ಟಿಯ ಹಿನ್ನೀರಿನ ಹಕ್ಕಿಗಳ ಆಸೆಯೂ ಹುಟ್ಟುತ್ತದೆ. ಮೊದಲು ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿದ ಈ ಜಲಾಶಯದ ಹಿನ್ನೀರಿಗೆ ರಾಜಹಂಸಗಳು ಬರುವುದುಂಟು. ಆದರೆ ಹಕ್ಕಿಗೆ 300 ಮಿ.ಮೀ.ಗೂ ಮಿಗಿಲಾದ ದೊಡ್ಡ ಮಸೂರ ಬೇಕು. ಅದರ ಬೆಲೆ ಕ್ಯಾಮೆರಾವನ್ನೂ ಮೀರಬಹುದು. ಆ ಆಸೆ ಎರಡನೆಯ ವರ್ಷಕ್ಕಿರಲಿ.

ಖರ್ಚಿನ ಮಾತು

ಆರಂಭಕ್ಕೆ ಬೇಕಾದದ್ದು ಬಳಸಿದ ಒಂದು ಕ್ಯಾಮೆರಾ, ಅದರ ಜೊತೆ ಬರುವ 18–55 ಮಿ.ಮೀ. ಮಸೂರ, ಒಂದು ಮೆಮೊರಿ ಕಾರ್ಡು, ಒಂದು ಚೀಲ. ಇಷ್ಟೇ. ಮುಂದೆ ಹಣ ಕೂಡಿದರೆ 50 ಮಿ.ಮೀ. ಎಫ್ 1.8 ಮಸೂರ; ಸಂಜೆಗತ್ತಲಲ್ಲಿ ಅಜ್ಜಿಯ ಮುಖ ತೆಗೆಯಲು ಅದಕ್ಕಿಂತ ಅಗ್ಗದ, ಒಳ್ಳೆಯ ಸಾಧನ ಸಿಗುವುದು ಕಷ್ಟ.

ಹಳೆಯದನ್ನು ಕೊಳ್ಳುವಾಗ ಊರಿನ ಸ್ಟುಡಿಯೋದವರಿಗೆ ತೋರಿಸುವುದು ಲೇಸು. ಷಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಬೇಕು. ಆರಂಭಿಕ ದರ್ಜೆಯ ಹಲವು ಮಾದರಿಗಳ ಬಾಳಿಕೆಯನ್ನು ಸುಮಾರು 1 ಲಕ್ಷ ಸಲಕ್ಕೆ ಲೆಕ್ಕ ಹಿಡಿಯುತ್ತಾರೆ. ಮಸೂರವನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟಿನ ಎಳೆ ಇದೆಯೇ ನೋಡಬೇಕು. ಎಫ್ 16ರಲ್ಲಿ ಬರಿಯ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಚುಕ್ಕೆಯಾಗಿ ಕಾಣುತ್ತದೆ. ಬಿಲ್ಲು ಕೇಳಿ ಪಡೆಯಬೇಕು. ಕೊಂಡ ಮೇಲೆಯೂ ಎರಿ ಸೀಮೆಯ ಧೂಳೇ ದೊಡ್ಡ ಶತ್ರು. ಹೊಲದಲ್ಲಿ, ಜಾತ್ರೆಯಲ್ಲಿ ಮಸೂರ ಬದಲಿಸಬಾರದು. ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಕೊಟ್ಟು, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬದಲಿಸಬೇಕು.

ಈ ಹವ್ಯಾಸ ಹೊಟ್ಟೆಪಾಡು ಆಗಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹವ್ಯಾಸಿಗಳದೇ ಸಂಘ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿ ತಾವೇ ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದವರು. ಕಾಯುವುದನ್ನು, ಗಮನಿಸುವುದನ್ನು ಕಲಿಸಿದರೆ ಕ್ಯಾಮೆರಾ ತನ್ನ ಬೆಲೆಯನ್ನು ತೀರಿಸಿದಂತೆಯೇ.

ಹಲಸಂಗಿಯವರ ದಾರಿ

ಈ ಸೀಮೆಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಹಿಂದೆ ಇದೇ ನೆಲದ ಗೆಳೆಯರು ಉತ್ತರ ಕೊಟ್ಟಿದ್ದಾರೆ. ಚಡಚಣಕ್ಕೆ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಕೂಡಿ, ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದಿಟ್ಟುಕೊಂಡರು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಸಿಂಪಿ ಲಿಂಗಣ್ಣನವರು ಚಡಚಣದಲ್ಲೇ ಹುಟ್ಟಿದವರು. ಬೀಸುವ ಕಲ್ಲು ಮೂಲೆ ಸೇರಿದ ಮೇಲೂ ಆ ಹಾಡುಗಳು ಉಳಿದದ್ದು ಹಾಗೆ ಬರೆದಿಟ್ಟಿದ್ದರಿಂದ.

ಇಂದು ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾಗುತ್ತಿವೆ. ಮಣ್ಣಿನ ಮಾಳಿಗೆಯ ಮನೆಗಳು ಬಿದ್ದು ಕಾಂಕ್ರೀಟು ಏಳುತ್ತಿದೆ. ಇವನ್ನೆಲ್ಲ ತಡೆಯುವುದು ವಿದ್ಯಾರ್ಥಿಯ ಕೈಯಲ್ಲಿಲ್ಲ. ಹೇಗಿತ್ತೆಂದು ದಾಖಲಿಸುವುದು ಅವನ ಕೈಯಲ್ಲಿದೆ. ಅಪರಿಚಿತರ, ಅದರಲ್ಲೂ ಹೆಣ್ಣುಮಕ್ಕಳ, ಮಕ್ಕಳ ಚಿತ್ರ ತೆಗೆಯುವ ಮುಂಚೆ ಕೇಳಬೇಕು. ಬೇಡವೆಂದರೆ ಕ್ಯಾಮೆರಾ ಇಳಿಸಬೇಕು. ಒಪ್ಪಿದವರಿಗೆ ಒಂದು ಪ್ರತಿ ಅಚ್ಚು ಹಾಕಿಸಿ ಮುಟ್ಟಿಸಬೇಕು. ಮುಂದಿನ ಸಲ ಅವರೇ ಕರೆದು ಚಹಾ ಕೊಡುತ್ತಾರೆ.

ಚಿತ್ರಗಳ ಎರಡು ಪ್ರತಿ ಎರಡು ಬೇರೆ ಡ್ರೈವ್‌ಗಳಲ್ಲಿರಲಿ. ವರ್ಷದ ಕೊನೆಗೆ ತಂದೆತಾಯಿಯ ಜೊತೆ ಕುಳಿತು ಹನ್ನೆರಡು ಚಿತ್ರಗಳನ್ನು ಮಾತ್ರ ಆರಿಸಿ ಅಚ್ಚು ಹಾಕಿಸುವುದು, ಹಿಂದೆ ತಾರೀಖು, ಊರು, ಚಿತ್ರದಲ್ಲಿರುವವರ ಹೆಸರು ಬರೆಯುವುದು ಒಳ್ಳೆಯ ರೂಢಿ. ಹೊಲದ ಹೆಸರು, ಎತ್ತಿನ ಹೆಸರು, ಸೋದರತ್ತೆಯ ಹೆಸರು ಮಕ್ಕಳಿಗೆ ಗೊತ್ತಿರುವುದಿಲ್ಲ. ಅವನ್ನು ಹೇಳಿ ಬರೆಯಿಸುವವರು ಹಿರಿಯರೇ.