ಹೊಳ್ಳಿ ಬಂದ ಮರಿ

ಹೋದ ವಾರ ಒಂದು ಫೋನ್ ಬಂತು. ಮಾತಾಡಿದವರು ನಮ್ಮ ಕಡೆಯವರೇ, ಇಲ್ಲೇ ಹಿಂಜವಡಿಯಲ್ಲಿ ಕೆಲಸ. "ಸರ್, ನಿಮ್ಮ ಹತ್ರ ಮುಧೋಳ ಮರಿ ಸಿಗ್ತಾವಂತಲ್ರೀ? ಬರೋ ಶುಕ್ರವಾರ ಮಗನ ಬರ್ತ್‌ಡೇ ಐತಿ. ಗಂಡು ಇದ್ರ ಭಾಳ ಚಲೋ." ಮರಿ ಇಲ್ಲ ಅಂದೆ. ಮುಂದೆ ಯಾವಾಗ ಅಂದರು. ಮುಂದೂ ಇಲ್ಲ ಅಂದೆ. "ಹಂಗಾರ ನೀವು ಬ್ರೀಡರ್ ಅಲ್ರೀ?" ಎಂದು ಸ್ವಲ್ಪ ಬೇಸರದಲ್ಲೇ ಕೇಳಿ ಫೋನ್ ಇಟ್ಟರು.

ಆಗಿದ್ದೆ, ಒಂದು ಸಲ. ಆ ಒಂದು ಸಲದ ಲೆಕ್ಕ ಇನ್ನೂ ಮುಗಿದಿಲ್ಲ.

ನಮ್ಮೂರು ಮುಧೋಳ ತಾಲೂಕಿನಲ್ಲಿ, ಘಟಪ್ರಭೆಯ ದಂಡೆಗೆ. ಮನೆಯಲ್ಲಿ ನಾಯಿ ಇಲ್ಲದ ದಿನ ನಾನು ಕಂಡಿಲ್ಲ. ಉದ್ದ ಮೋರೆ, ಒಳಗೆ ಸೇದಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಹೊಸಬರು ನೋಡಿದರೆ ಊಟ ಹಾಕಿಲ್ಲವೇನೋ ಅಂದುಕೊಳ್ಳಬೇಕು. ಅಜ್ಜ ಮೊಲದ ಬೇಟೆಯ ಕತೆ ಹೇಳುತ್ತಿದ್ದ. ಅಪ್ಪನ ಕಾಲಕ್ಕೆ ಬೇಟೆ ಕಾನೂನುಬಾಹಿರವಾಗಿ, ನಾಯಿ ಕಬ್ಬಿನ ಹೊಲ ಕಾಯುವ ಕೆಲಸಕ್ಕೆ ಉಳಿಯಿತು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಇದೇ ತಳಿಯ ಮರಿ ಕೊಟ್ಟಿದ್ದು, 2005ರಲ್ಲಿ ಅಂಚೆ ಇಲಾಖೆ ಚೀಟಿ ತಂದದ್ದು, ತಿಮ್ಮಾಪುರದಲ್ಲಿ ಸರ್ಕಾರದ ಸಂಶೋಧನಾ ಕೇಂದ್ರ ಇರುವುದು, 2016ರಲ್ಲಿ ಸೇನೆಯವರು ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದದ್ದು, ಇದನ್ನೆಲ್ಲ ನಮ್ಮೂರಲ್ಲಿ ಚಹಾದ ಅಂಗಡಿಯವನೂ ಹೇಳುತ್ತಾನೆ. ಪುಣೆಗೆ ಬಂದ ಮೇಲೆ ತಿಳಿಯಿತು, ಇಲ್ಲಿಯವರು ಇದೇ ನಾಯಿಯನ್ನು ಕಾರವಾನ್ ಅನ್ನುತ್ತಾರೆ, ತಮ್ಮದೇ ಅನ್ನುತ್ತಾರೆ. ನಾಯಿಗೆ ಗಡಿ ತಂಟೆ ಇಲ್ಲ, ಸದ್ಯ.

2019ರಲ್ಲಿ ಊರಿಂದ ಒಂದು ಹೆಣ್ಣುಮರಿ ತಂದೆ. ನಿಪ್ಪಾಣಿಯಿಂದ ಸಾತಾರದವರೆಗೆ ಹೆಂಡತಿಯ ತೊಡೆ ಮೇಲೆ ಮಲಗಿ ಬಂತು, ಮೂರು ಸಲ ವಾಂತಿ ಮಾಡಿತು. ಬಿಳಿ ಮೈ, ಹಣೆ ಮೇಲೆ ಕಂದು ಚುಕ್ಕೆ. ಚಂದ್ರಿ ಅಂತ ಕರೆದೆವು. ಸೂಸ್ ಊರಿನ ಅಂಚಿನ ಬಾಡಿಗೆ ಮನೆ, ಹಿಂದೆ ಗುಡ್ಡ, ದಿನಾ ಮುಂಜಾನೆ ಓಟ. 2020ರ ಆಗಸ್ಟಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದರು. ಅದುವರೆಗೆ ಚಂದ್ರಿಯನ್ನು ಬಡಕಲು ನಾಯಿ ಅನ್ನುತ್ತಿದ್ದ ಸೊಸೈಟಿಯವರೇ "ಮರಿ ಯಾವಾಗ?" ಎಂದು ಕೇಳಲು ಶುರು ಮಾಡಿದರು.

ಆಸೆ ನನಗೂ ಇತ್ತು. ನಮ್ಮ ಊರಿನ ತಳಿ, ನಮ್ಮ ಮನೆಯ ಸಾಲು ಪುಣೆಯಲ್ಲಿ ಮುಂದುವರೀಬೇಕು ಅನ್ನುವ ಹೆಮ್ಮೆ. ಇದನ್ನು ಹೆಂಡತಿಯ ಮುಂದೆ ಹೇಳಿದಾಗ ಅವಳು ಚಪಾತಿ ಲಟ್ಟಿಸುತ್ತಲೇ ಕೇಳಿದಳು: "ಆರು ಮರಿ ಹುಟ್ಟಿ, ಆರೂ ಹೊಳ್ಳಿ ಬಂದ್ರ ಎಲ್ಲಿ ಇಡ್ತೀರಿ?"

ಯಾಕೆ ಹೊಳ್ಳಿ ಬರ್ತಾವ ಅಂತ ನಾನು ನಕ್ಕೆ. ಅವಳು ನಗಲಿಲ್ಲ.

ಅಪ್ಪನಿಗೆ ಫೋನ್ ಮಾಡಿದರೆ ಅದು ಎರಡು ನಿಮಿಷದ ಕೆಲಸ. "ಕಾಕಾನ ಮನ್ಯಾಗ ಅದರ ಅಣ್ಣ ಐತಲ್ಲೋ, ಕರಕೊಂಡ ಬಾ. ರಕ್ತ ಹೊರಗ ಹೋಗಬಾರ್ದು." ರಕ್ತ ಹೊರಗೆ ಹೋಗದಿದ್ದರೆ ಏನಾಗುತ್ತದೆ ಅನ್ನುವುದು ನನಗೆ ನೆನಪಿತ್ತು. ಚಿಕ್ಕವನಿದ್ದಾಗ ಹುಟ್ಟುತ್ತಲೇ ಸತ್ತ ಮರಿಗಳನ್ನು ಅವ್ವ ಬುಟ್ಟಿಯಲ್ಲಿ ಒಯ್ದು ಹಿತ್ತಲಲ್ಲಿ ಹೂಳುತ್ತಿದ್ದಳು. ದೃಷ್ಟಿ ತಾಕಿತು ಅನ್ನುತ್ತಿದ್ದರು. ಒಡಹುಟ್ಟಿದವನ್ನೇ ಕೂಡಿಸುತ್ತ ಹೋದರೆ ಮರಿಗಳ ಸಂಖ್ಯೆ ಇಳಿಯುತ್ತದೆ, ಹುಟ್ಟಿದವು ಬಲ ಇಲ್ಲದೆ ಸಾಯುತ್ತವೆ, ಮುಚ್ಚಿಕೊಂಡಿದ್ದ ದೋಷಗಳು ಹೊರಗೆ ಬರುತ್ತವೆ ಎಂದು ಇಲ್ಲಿಯ ಡಾಕ್ಟರಮ್ಮ ಹೇಳಿದಾಗ ನನಗೆ ಆ ಬುಟ್ಟಿ ಕಣ್ಣಿಗೆ ಬಂತು.

ಆ ಡಾಕ್ಟರಮ್ಮ ನನ್ನನ್ನು ಎಂಟು ತಿಂಗಳು ಓಡಾಡಿಸಿದರು. 2017ರ ಕೇಂದ್ರದ ನಿಯಮಗಳ ಪ್ರತಿಯನ್ನು ಮೊದಲು ತೋರಿಸಿದವರೂ ಅವರೇ. ಮರಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, 18 ತಿಂಗಳು ತುಂಬದ ಹೆಣ್ಣುನಾಯಿಗೆ ಮರಿ ಮಾಡಿಸಬಾರದು, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಬೇಡ, ಎಂಟು ವಾರ ಆಗದ ಮರಿಯನ್ನು ಮಾರುವ ಹಾಗಿಲ್ಲ. ನಮ್ಮೂರಲ್ಲಿ ಒಂದು ತಿಂಗಳ ಮರಿಯನ್ನು ಚೀಲದಲ್ಲಿ ಹಾಕಿ ಬಸ್ಸು ಹತ್ತಿಸಿದ್ದನ್ನು ನಾನೇ ನೋಡಿದ್ದೇನೆ. ಅರ್ಜಿ ತುಂಬಿದೆ, ಅಲೆದೆ. ಆ ಭಾಗ ಬಿಡಿ, ಯಾವ ಸರ್ಕಾರಿ ಅರ್ಜಿಗೂ ಇರುವ ಕತೆ ಅದು.

ಗಂಡು ಹುಡುಕುವುದೇ ದೊಡ್ಡ ಕೆಲಸವಾಯಿತು. ಒಂದು ನಾಯಿ ಚೆಲುವಾಗಿತ್ತು, ಆದರೆ ಮನೆಗೆ ಬಂದವರ ಮೇಲೆ ಎಗರುತ್ತಿತ್ತು. ಇನ್ನೊಂದರ ಮಾಲೀಕರು ರಕ್ತಪರೀಕ್ಷೆ ಅಂದ ಕೂಡಲೇ ಮುಖ ಕೆಡಿಸಿದರು. ಬ್ರುಸೆಲ್ಲಾ ಅನ್ನುವ ಸೋಂಕು ಕೂಡುವಿಕೆಯಿಂದಲೂ ಹರಡುತ್ತದೆ, ಗರ್ಭ ಇಳಿಸುತ್ತದೆ, ಮನುಷ್ಯರಿಗೂ ತಗಲಬಹುದು. ಹಾಗಾಗಿ ಎರಡೂ ನಾಯಿಗಳ ಪರೀಕ್ಷೆ ಆಗಲೇಬೇಕು. ಕೊನೆಗೆ ಸಾಂಗಲಿ ಜಿಲ್ಲೆಯ ಒಬ್ಬ ರೈತರ ಹತ್ತಿರ ನಾಲ್ಕು ವರ್ಷದ ಗಂಡು ಸಿಕ್ಕಿತು. ಚಂದ್ರಿಯ ಮನೆತನಕ್ಕೂ ಅದಕ್ಕೂ ಮೂರು ತಲೆಮಾರಿನಲ್ಲಿ ಸಂಬಂಧ ಇರಲಿಲ್ಲ. ಆ ಅಜ್ಜನೇ ನನ್ನನ್ನು ತಿರುಗಿ ಪ್ರಶ್ನೆ ಕೇಳಿದರು. ನಿಮ್ಮ ನಾಯಿಗೆ ಎಷ್ಟು ವಯಸ್ಸು, ಮರಿಗಳನ್ನು ಯಾರಿಗೆ ಕೊಡುತ್ತೀರಿ. ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಚಂದ್ರಿಗೆ ಮೂರು ವರ್ಷ ಆಗುತ್ತ ಬಂದಾಗ, 2021ರ ಅಕ್ಟೋಬರಿನಲ್ಲಿ, ಜೋಡಿ ಮಾಡಿಸಿದೆವು. ಗರ್ಭ ನಿಂತ ಸುದ್ದಿ ಕೇಳಿ ಆಫೀಸಿನ ಗೆಳೆಯರೊಬ್ಬರು ಕ್ಯಾಲ್ಸಿಯಂ ಸಿರಪ್ ತಂದುಕೊಟ್ಟರು. ಡಾಕ್ಟರಮ್ಮ ಬಾಟಲಿ ನೋಡಿ ಬೈದರು. ಗರ್ಭದಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಸುರಿದರೆ ಮೈ ತಾನಾಗಿ ಅದನ್ನು ಒದಗಿಸುವ ಕೆಲಸ ಮರೆಯುತ್ತದಂತೆ. ಹಾಲು ಕುಡಿಸುವಾಗ ಏಕಾಏಕಿ ಕೊರತೆಯಾಗಿ ನಾಯಿ ನಡುಗಿ ಬೀಳಬಹುದು. ಒಳ್ಳೆಯದು ಮಾಡಲು ಹೋಗಿ ಕೆಡಿಸುವ ದಾರಿಗಳು ಎಷ್ಟೋ.

ಹೆಚ್ಚುಕಡಿಮೆ 63 ದಿನ ಎಂದು ಲೆಕ್ಕ. 60ನೇ ದಿನದಿಂದ ದಿನಕ್ಕೆ ಎರಡು ಸಲ ಅವಳ ಮೈಯ ಕಾವು ನೋಡುತ್ತಿದ್ದೆ. 99 ಡಿಗ್ರಿಗಿಂತ ಕೆಳಗಿಳಿದರೆ ಒಂದು ದಿನದೊಳಗೆ ಹೆರಿಗೆ. ಡಿಸೆಂಬರ್ ಚಳಿಯ ರಾತ್ರಿ ಹನ್ನೊಂದಕ್ಕೆ ಶುರುವಾಗಿ ಬೆಳಗಿನ ಐದರವರೆಗೆ ಏಳು ಮರಿ. ಐದನೆಯದು ಉಸಿರಾಡಲೇ ಇಲ್ಲ. ಟವೆಲಿನಲ್ಲಿ ಉಜ್ಜಿದೆ, ಬಾಯಿ ಒರೆಸಿದೆ, ಮತ್ತೆ ಉಜ್ಜಿದೆ. ಹೆಂಡತಿ ನನ್ನ ಕೈ ಹಿಡಿದು "ಸಾಕ್ರೀ" ಅನ್ನುವವರೆಗೆ. ಕೊನೆಯದು 210 ಗ್ರಾಂ, ಉಳಿದವೆಲ್ಲ 300ರ ಮೇಲೆ. ಹುಟ್ಟಿದ ಮರಿಗೆ ತನ್ನ ಮೈ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ, ತಣ್ಣಗಾದರೆ ಹಾಲೂ ಅರಗುವುದಿಲ್ಲ. ಪೆಟ್ಟಿಗೆಯ ಒಂದು ಮೂಲೆಗೆ ಬಲ್ಬು ಕಟ್ಟಿ, ಅಡುಗೆಮನೆಯ ತೂಕದ ಯಂತ್ರದಲ್ಲಿ ದಿನಾ ತೂಗಿ, ಕ್ಯಾಲೆಂಡರಿನ ಮೇಲೆ ಬರೆದೆ. ಆ ಸಣ್ಣದು ಎರಡು ದಿನ ಇಳಿದು ಮೂರನೇ ದಿನ ಎಂಟು ಗ್ರಾಂ ಏರಿತು. ಆ ಎಂಟು ಗ್ರಾಮಿನ ಸಂತೋಷ ನನಗೆ ಯಾವ ಇನ್‌ಕ್ರಿಮೆಂಟಿನಲ್ಲೂ ಸಿಕ್ಕಿಲ್ಲ.

ಕೇಳಿದವರು ಇಪ್ಪತ್ತಕ್ಕೂ ಹೆಚ್ಚು ಜನ. ಪ್ರತಿಯೊಬ್ಬರ ಮನೆಗೆ ಹೋದೆ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಓಡಲು ಜಾಗ ಎಲ್ಲಿ, ಬಾಡಿಗೆ ಮನೆಯ ಮಾಲೀಕರು ಒಪ್ಪಿದ್ದಾರೆಯೇ. ಒಂದು ಹಾಳೆಯ ಕರಾರು: ಸಾಕಲಾಗದಿದ್ದರೆ ಬೇರೆಯವರಿಗೆ ಕೊಡಬಾರದು, ನನಗೇ ಹೊಳ್ಳಿ ಕೊಡಬೇಕು, ಯಾವಾಗಾದರೂ ಸರಿ. ಕೆಲವರಿಗೆ ಸಿಟ್ಟು ಬಂತು, "ನೀವೇನ್ ಕನ್ಯಾ ಕೊಡಾಕತ್ತೀರಿ?" ಅಂದರು. ಲಸಿಕೆ, ಜಂತಿನ ಔಷಧಿ, ಚಿಪ್ ಎಲ್ಲದರ ಖರ್ಚಿನಷ್ಟೇ ಬೆಲೆ ಇಟ್ಟೆ. ಅಪ್ಪನಿಗೆ ಅದೂ ಸರಿಬರಲಿಲ್ಲ. ಅವರು ಮರಿ ಕೊಟ್ಟರೆ ಒಂದು ಸೇರು ಸಕ್ಕರೆ ಬಿಟ್ಟು ಏನೂ ಮುಟ್ಟಿದವರಲ್ಲ.

ಐದು ಮರಿಗಳಿಗೆ ಇಷ್ಟೆಲ್ಲ ಮಾಡಿದೆ. ಆರನೆಯದನ್ನು ನನ್ನ ಆಫೀಸಿನಲ್ಲಿ ನನ್ನ ಮೇಲಿನವರು ಕೇಳಿದರು. ಅವರ ಮನೆ ನೋಡಲಿಲ್ಲ. ಕರಾರಿನ ಹಾಳೆ ಬ್ಯಾಗಿನಲ್ಲೇ ಇತ್ತು, ತೆಗೆಯಲಿಲ್ಲ. ಅಪ್ರೈಸಲ್ ಮಾರ್ಚಿನಲ್ಲಿತ್ತು. ಇದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಅವರು ಕೆಟ್ಟವರಲ್ಲ. ಮೊದಲೆರಡು ತಿಂಗಳು ಫೋಟೋ ಬರುತ್ತಿದ್ದವು, ಆಮೇಲೆ ನಿಂತವು. ಆಗಸ್ಟಿನಲ್ಲಿ ಏನೋ ಕಾಗದ ಕೊಡಲು ಅವರ ಮನೆಗೆ ಹೋದೆ. ಹನ್ನೊಂದನೇ ಮಹಡಿ. ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ, ಎರಡಡಿ ಹಗ್ಗದಲ್ಲಿ ಆ ಕರಿಮರಿ ನಿಂತಿತ್ತು. ಮೊಣಕೈಗಳಲ್ಲಿ ಟೈಲ್ಸ್ ತಾಗಿ ತಾಗಿ ಹುಣ್ಣು. ಸೋಫಾ ಕಚ್ಚಿ ಹರಿಯಿತು, ಪಕ್ಕದವರು ದೂರು ಕೊಟ್ಟರು, ಏನು ಮಾಡುವುದು ಅಂದರು. ನನ್ನನ್ನು ನೋಡಿ ಅದು ಬೊಗಳಲೂ ಇಲ್ಲ, ಬಾಲ ಆಡಿಸಲೂ ಇಲ್ಲ. ಚಹಾ ಕುಡಿದೆ. ಕುಡಿದ ಮೇಲೆ, ಒಯ್ಯಲೇ ಎಂದು ಕೇಳಿದೆ. ಅವರ ಮುಖದಲ್ಲಿ ಕಂಡದ್ದು ನಿರಾಳ.

ಲಿಫ್ಟಿನಲ್ಲಿ ಅದು ನಡುಗುತ್ತ ನನ್ನ ಪಾದದ ಮೇಲೆ ಉಚ್ಚೆ ಹೊಯ್ದಿತು. ಮನೆ ಬಾಗಿಲು ತೆರೆದ ಹೆಂಡತಿ ಒಂದು ಮಾತೂ ಆಡಲಿಲ್ಲ. ಹಳೆ ಕೌದಿ ತಂದು ಹಾಸಿದಳು.

ಮರಿಗಳಿಗೆ ಮೂರರಿಂದ ಹನ್ನೆರಡು ವಾರದೊಳಗೆ ಜಗತ್ತು ಎಷ್ಟು ತೋರಿಸುತ್ತೇವೋ ಅಷ್ಟು ಒಳ್ಳೆಯದು ಅನ್ನುತ್ತಾರೆ. ಎಂಟು ವಾರ ನಾನು ತೋರಿಸಿದ್ದೆ, ಕುಕ್ಕರಿನ ಸೀಟಿಯಿಂದ ಗಣಪತಿಯ ಡೋಲಿನ ರೆಕಾರ್ಡಿನವರೆಗೆ. ಆಮೇಲಿನ ಐದು ತಿಂಗಳಲ್ಲಿ ಅದು ಬಾಲ್ಕನಿಯನ್ನು ಕಲಿತಿತ್ತು. ಹೊರಗಿನವರು ಬಂದರೆ ಈಗಲೂ ಮಂಚದ ಕೆಳಗೆ ಹೋಗುತ್ತದೆ. ಅವರ ಮನೆಯಲ್ಲಿ ರಾಕಿ ಆಗಿದ್ದದ್ದನ್ನು ಅಪ್ಪ ಫೋಟೋ ನೋಡಿ ಕರಿಯಾ ಅಂದರು, ಅದೇ ನಿಂತಿತು.

ಮರುವರ್ಷ ಚಂದ್ರಿಗೆ ಆಪರೇಷನ್ ಮಾಡಿಸಿದೆ. ಈ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ, ಅರಿವಳಿಕೆಯಲ್ಲಿ ಹುಷಾರಿರಬೇಕು ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ್ದರಿಂದ ಆ ಮುಂಜಾನೆಯೆಲ್ಲ ಬಾಗಿಲ ಹೊರಗೆ ಕೂತಿದ್ದೆ. ಅಪ್ಪ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆಮೇಲೊಂದು ದಿನ ತಾನಾಗಿ ಫೋನ್ ಮಾಡಿ, "ಕಾಕಾನ ನಾಯಿ ಈ ಸಲ ನಾಕು ಹಾಕ್ತು. ಮೂರು ಹೋದ್ವು" ಅಂದರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. "ಆ ಸಾಂಗ್ಲಿ ಅಜ್ಜನ ನಂಬರ್ ಐತೇನೋ?" ಅಂದರು. ಕಳಿಸಿದೆ.

ಉಳಿದ ಐದು ಮರಿಗಳ ಮನೆಗೆ ವರ್ಷಕ್ಕೊಮ್ಮೆ ಹೋಗುತ್ತೇನೆ. ಒಂದು ಮನೆಯವರು ಈಗ ಕೆನಡಾಕ್ಕೆ ಹೊರಟಿದ್ದಾರೆ, ಕರಾರು ನೆನಪಿಸಿ ಮೆಸೇಜ್ ಹಾಕಿದ್ದಾರೆ. ಎರಡನೇ ಕೌದಿ ಬಿಸಿಲಿಗೆ ಹಾಕಿದ್ದೇವೆ.

ಶುಕ್ರವಾರದ ಬರ್ತ್‌ಡೇಯವರಿಗೆ ನಿನ್ನೆ ನಾನೇ ಫೋನ್ ಮಾಡಿದೆ. ಮರಿ ಇಲ್ಲ, ಆದರೆ ಭಾನುವಾರ ಮುಂಜಾನೆ ಆರಕ್ಕೆ ಸೂಸ್ ಗುಡ್ಡಕ್ಕೆ ಮಗನನ್ನು ಕರೆದುಕೊಂಡು ಬನ್ನಿ, ಕರಿಯಾ ಓಡುತ್ತಾನೆ, ಜೊತೆಗೆ ಓಡಲಿ ಅಂದೆ. "ಆರಕ್ಕಾ?" ಅಂದರು. ಆರಕ್ಕೇ ಅಂದೆ. ನೋಡೋಣ ಅಂದಿದ್ದಾರೆ.