ದೇವರು ಉಳಿದ ಊರು

ನಾನು ಹುಡುಗನಾಗಿದ್ದಾಗ ನಮ್ಮೂರು ತಾಳ್ಯದ ಹಿರಿಯರು ಚಿತ್ರದುರ್ಗದ ಗುಡ್ಡ ಹತ್ತುತ್ತಿದ್ದುದು ಕೋಟೆ ನೋಡಲಿಕ್ಕಲ್ಲ, ಏಕನಾಥೇಶ್ವರಿ ಅಮ್ಮನಿಗೆ ಹಣ್ಣುಕಾಯಿ ಮಾಡಿಸಲಿಕ್ಕೆ. ಬಗಲಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿಯ ಬುತ್ತಿ. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನ ಹಲ್ಲು ಎಂದು ತೋರಿಸುವ ದೊಡ್ಡದೊಂದು ತುಂಡಿದೆ. ನಮ್ಮಜ್ಜಿ ಅದಕ್ಕೂ ಕೈಮುಗಿದೇ ಮುಂದೆ ಹೋಗುತ್ತಿದ್ದಳು. ಸಂಪಿಗೆ ಸಿದ್ದೇಶ್ವರನ ಮುಂದಿನ ಉಯ್ಯಾಲೆ ಕಂಬದ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದಳೆನ್ನುವ ಓಬವ್ವನ ಹೆಸರು ಮಾತಿನ ನಡುವೆ ಬಂದು ಹೋಗುತ್ತಿತ್ತು, ಅಷ್ಟೆ.

1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂತು. ಓಬವ್ವನಾಗಿ ಒನಕೆ ಹಿಡಿದ ನಟಿ ಜಯಂತಿಯವರನ್ನು ತೆರೆಯ ಮೇಲೆ ಕಂಡ ಮೇಲೆ, ಬಂದವರೆಲ್ಲ ಮೊದಲು ಕೇಳತೊಡಗಿದ್ದು ಕಿಂಡಿಯನ್ನೇ. ಮೈ ಕುಗ್ಗಿಸಿ ನುಸುಳಬೇಕಾದ ಆ ಸಂದಿಯ ಮುಂದೆ ಸಾಲು ನಿಲ್ಲುವಂತಾಯಿತು. ಆಮೇಲೆ ಟಿಕೆಟ್ ಬಂತು, ಗೈಡುಗಳು ಬಂದರು, ಮೊಬೈಲ್ ಬಂತು. ಬರಿಗೈಯಲ್ಲಿ ಗೋಡೆ ಹತ್ತುವ ಜ್ಯೋತಿರಾಜ್‌ಗೆ ಚಪ್ಪಾಳೆ ತಟ್ಟಿ ಇಳಿದುಹೋಗುವವರಲ್ಲಿ ಎಷ್ಟೋ ಜನ ಅಮ್ಮನ ಗುಡಿಯ ಕಡೆ ತಿರುಗುವುದೂ ಇಲ್ಲ.

ಗುಡ್ಡದ ಮೇಲಿನ ಊರಿಗೆ ಭಕ್ತರು ಬರುವುದು ಎಲ್ಲೆಡೆ ನಿಂತಿಲ್ಲ. ಇಟಲಿಯ ಅಸಿಸಿಯೂ ಗುಡ್ಡದ ಮೇಲಿನ ಹಳೇ ಊರು. ಸಂತ ಫ್ರಾನ್ಸಿಸ್‌ರ ಸಮಾಧಿಗೆ ಕ್ಯಾಥೊಲಿಕ್ ಯಾತ್ರಿಕರು ಇಂದಿಗೂ ಹೋಗುತ್ತಾರೆ, ಹಳೇ ಓಣಿಗಳಲ್ಲಿ ಇಂದಿಗೂ ಜನರ ವಾಸವಿದೆ. ನಮ್ಮ ದುರ್ಗದ ಹಣೆಬರಹ ಬೇರೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದು ದುರ್ಗವನ್ನಾಳುತ್ತಿದ್ದ ಮದಕರಿ ನಾಯಕನನ್ನು ಸೆರೆಹಿಡಿದ. ನಾಯಕನ ಕುಲದವರಾದ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಕಾಲ ಸರಿದಂತೆ ಗುಡ್ಡದ ಮೇಲಿನ ಊರು ಬರಿದಾಯಿತು, ಸಂಸಾರಗಳೆಲ್ಲ ಕೆಳಗಿನ ಪೇಟೆಯಲ್ಲಿ ನೆಲೆಯಾದವು. ದೇವರು ಮಾತ್ರ ಮೇಲೆಯೇ ಉಳಿದರು. ಅವರಿಗಾಗಿ ಹತ್ತುವವರು ಇದ್ದುದರಿಂದಲೇ ಹಾದಿ ಸವೆಯುತ್ತಲೇ ಇತ್ತು.

ದುರ್ಗ ಬರೀ ಯುದ್ಧದ ಕೋಟೆಯಲ್ಲ, ಜನ ಬಾಳಿದ ಊರು ಎನ್ನುವುದಕ್ಕೆ ಇವತ್ತಿಗೂ ಸಾಕ್ಷಿಗಳಿವೆ: ಮಣ್ಣಿನ ಗೋಡೆಯ ಕಣಜ, ಟಂಕಸಾಲೆ, ಎಣ್ಣೆ ಕೊಳ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನೀರು. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಇಂಥ ಲೆಕ್ಕಾಚಾರವಿಲ್ಲದಿದ್ದರೆ ಏಳು ಸುತ್ತಿನ ಗೋಡೆ ಇದ್ದೂ ದಂಡವಾಗುತ್ತಿತ್ತು.

ಓಬವ್ವನಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಕಿಂಡಿಯಿಂದಲೇ ಹಿಂದಿರುಗಿದವರು ಅರ್ಧ ದುರ್ಗವನ್ನಷ್ಟೇ ನೋಡಿರುತ್ತಾರೆ. ಒಳ್ಳೆ ಮಳೆಯಾದ ಮಾರನೆಯ ದಿನ ಹೋಗಿ, ಹೊಂಡದಿಂದ ಹೊಂಡಕ್ಕೆ ಹರಿಯುವ ನೀರಿನ ಜಾಡು ಹಿಡಿದು ನಡೆಯಿರಿ. ಕುಡಿದ ಬಾಟಲಿಯನ್ನು ಮಾತ್ರ ಆ ಹೊಂಡಗಳಿಗೆ ಎಸೆಯಬೇಡಿ.